ಸೂಜಿ ಕಾಣುವ ಕಣ್ಣಿಗೆ ಬಾಗಿಲು ಕಾಣಲಿಲ್ಲ

ನಿವೃತ್ತಿಯ ದಿನ ನನಗೊಂದು ಶಾಲು, ಗಂಧದ ಹಾರ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ ಗಡಿಯಾರ ಕೊಟ್ಟರು. ನಮ್ಮ ಮುಖ್ಯ ವೈದ್ಯರು ಮೈಕ್ ಹಿಡಿದು, ಮೂವತ್ತೊಂದು ವರ್ಷದ ಸೇವೆಯಲ್ಲಿ ಮೇಡಂ ಅವರ ಕೈಯಿಂದ ಒಂದು ತಪ್ಪೂ ಆಗಿಲ್ಲ ಎಂದರು. ಹೇಳಿದವರಿಗೆ ಅದು ಸುಳ್ಳೆಂದು ಗೊತ್ತಿತ್ತು, ಕೇಳಿದವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು, ನನಗಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಕೋಣೆಯಲ್ಲಿ ಉಪ್ಪಿಟ್ಟು ಆರುತ್ತಿತ್ತು.

ನಾನು ಡಾಕ್ಟರಲ್ಲ. ದಾವಣಗೆರೆಯ ಒಂದು ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಿದ್ದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅದರ ಅನ್ನ ಉಂಡಿದ್ದೇನೆ. ಕನ್ನಡಕದ ನಂಬರ್ ಕೊಡುವವಳಾದ್ದರಿಂದ ಜನ ನನ್ನನ್ನು ‘ನಂಬರ್ ಮೇಡಂ’ ಎನ್ನುತ್ತಿದ್ದರು. ಈಗ ಈ ಕೆಲಸಕ್ಕೆ ನಾಲ್ಕು ವರ್ಷ ಓದಿ ಬರುತ್ತಾರೆ, ಆಪ್ಟೋಮೆಟ್ರಿಸ್ಟ್ ಎಂದು ಕೋಟಿನ ಮೇಲೆ ಹೆಸರು ಹೊಲಿಸಿಕೊಳ್ಳುತ್ತಾರೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ಎರಡು ವರ್ಷದ ಕೋರ್ಸು, ಒಂದು ಟಾರ್ಚು, ಗಾಜುಗಳ ಒಂದು ಪೆಟ್ಟಿಗೆ. ಬಡ್ತಿಯ ಕತೆಯೂ ಸಣ್ಣದು: ಸ್ಟೂಲು ಹೋಗಿ ಕುರ್ಚಿ ಬಂತು. ಅದನ್ನು ಬಿಟ್ಟು, ಈ ಕೆಲಸಕ್ಕೆ ಹೊಸದಾಗಿ ಬಂದ ನಿಮಗೆ ಉಪಯೋಗಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಅದು ಸ್ಟೀರಾಯ್ಡಿನ ವಿಷಯ. ಸ್ಟೀರಾಯ್ಡು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೀಲುಗಳು ಬಾತು ಹಾಸಿಗೆ ಹಿಡಿದವರನ್ನು ಅದು ವಾರದೊಳಗೆ ಎಬ್ಬಿಸಿ ಕೂರಿಸುತ್ತದೆ, ದಮ್ಮು ಹತ್ತಿದವರ ಜೀವ ಉಳಿಸುತ್ತದೆ. ಆದರೆ ಹೇಳುವವರು ಕೇಳುವವರಿಲ್ಲದೆ ವರ್ಷಗಟ್ಟಲೆ ನುಂಗಿದರೆ ಕಣ್ಣಿಗೆ ಎರಡು ಕೇಡು ಮಾಡುತ್ತದೆ. ಲೆನ್ಸಿನ ಹಿಂಭಾಗದಲ್ಲಿ ಪೊರೆ ಕಟ್ಟುತ್ತದೆ. ಕೆಲವರಿಗೆ ಕಣ್ಣೊಳಗಿನ ಒತ್ತಡವನ್ನೂ ಏರಿಸುತ್ತದೆ, ನಮ್ಮ ಜನ ‘ಕಣ್ಣಿನ ಬಿಪಿ’ ಎನ್ನುವುದು ಅದನ್ನೇ. ಪೊರೆಯನ್ನು ತೆಗೆಯಬಹುದು. ಒತ್ತಡಕ್ಕೆ ಸತ್ತ ನರವನ್ನು ಯಾವ ದೇವರೂ ಬದುಕಿಸುವುದಿಲ್ಲ.

ಇನ್ನು ರೋಗಿಗಳು. ‘ಯಾವ ಮಾತ್ರೆ ತಗೊಳ್ತೀರಿ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ‘ಏನೂ ಇಲ್ರಿ’ ಎನ್ನುತ್ತಾರೆ. ಎಂ.ಸಿ.ಸಿ. ಬಡಾವಣೆ ಬಿ ಬ್ಲಾಕಿನ ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಹಾಗೆಯೇ ಎಂದರು. ಐವತ್ತು ವರ್ಷ, ದುಂಡು ಮುಖ, ತುಂಬಿದ ಕೆನ್ನೆ. ಬಿಸಿಲಿಗೆ ಹೋದರೆ ಕಣ್ಣು ಮಂಜು, ನೆರಳಿಗೆ ಬಂದರೆ ಪರವಾಗಿಲ್ಲ, ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡೇ ಪೇಪರ್ ಓದುತ್ತೇನೆ ಎಂದರು. ಬೆಳಕು ಹೆಚ್ಚಾದಷ್ಟೂ ಕಾಣುವುದು ಕಡಿಮೆಯಾದರೆ ಅದು ಲೆನ್ಸಿನ ಹಿಂಭಾಗದ ಪೊರೆಯ ಲಕ್ಷಣ. ಮೊಣಕಾಲು ನೋವಿಗೆ ಏನು ಮಾಡುತ್ತೀರಿ ಎಂದು ಸುತ್ತುಬಳಸಿ ಕೇಳಿದೆ. ಆಗ ಹೊರಬಂತು ಪುಡಿಯ ಕತೆ. ಒಬ್ಬ ಪಂಡಿತರು ಕಾಗದದ ಪೊಟ್ಟಣದಲ್ಲಿ ಕೊಡುವ ಪುಡಿ, ನಾಲ್ಕು ವರ್ಷದಿಂದ, ಬೆಳಿಗ್ಗೆ ಒಂದು ಸಂಜೆ ಒಂದು. ತಿಂದ ಅರ್ಧ ದಿನದಲ್ಲಿ ನೋವು ಮಂಗಮಾಯ.

ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ ಸ್ವಾಮಿ, ಅದರಲ್ಲಿ ಸ್ಟೀರಾಯ್ಡ್ ಅರೆದು ಹಾಕಿರಬೇಕು ಎಂದರೆ ಅವರಿಗೆ ಸಿಟ್ಟು ಬಂತು. ತಮ್ಮ ಮನೆತನದಲ್ಲಿ ಯಾರೂ ಇಂಗ್ಲಿಷ್ ಔಷಧಿ ಮುಟ್ಟಿದವರಲ್ಲ ಎಂದು ನನಗೇ ಪಾಠ ಮಾಡಿದರು. ಕೆನ್ನೆ ತುಂಬಿದ್ದು ಪುಡಿಯ ಪ್ರತಾಪವೇ ಆಗಿತ್ತು, ಆದರೆ ಬೀಗರೆಲ್ಲ ‘ಸಾಹುಕಾರ್ರು ಮೈಕೈ ತುಂಬ್ಕೊಂಡಾರೆ’ ಎಂದು ಹೊಗಳಿದ್ದರಂತೆ. ಹೊಗಳಿಕೆ ಬಿಡಲು ಯಾರಿಗೆ ಮನಸ್ಸಾಗುತ್ತದೆ? ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡರು, ಪುಡಿ ಬಿಟ್ಟರೋ ಇಲ್ಲವೋ ನನಗೆ ತಿಳಿಯದು.

ಅವರನ್ನು ಆಡಿಕೊಂಡು ನಕ್ಕು ಸುಮ್ಮನಾಗುವಂತಿಲ್ಲ, ಓದಿದವರು ಅವರಿಗಿಂತ ಕಡೆ. ನಮ್ಮ ಮುಖ್ಯ ವೈದ್ಯರ ಕೈ ಬಂಗಾರದ್ದು, ಪೊರೆ ತೆಗೆಯುವುದರಲ್ಲಿ ಅವರನ್ನು ಮೀರಿಸುವವರು ಈ ಭಾಗದಲ್ಲಿ ಇಲ್ಲ. ಅವರಿಗೆ ಬೇಕಾದದ್ದೂ ಪೊರೆ ಒಂದೇ. ಕ್ಯಾಂಪಿನಿಂದ ವಾಪಸು ಬಂದರೆ ಅವರು ಕೇಳುವ ಮೊದಲ ಮಾತು, ‘ಎಷ್ಟು ಪೊರೆ ಸಿಕ್ಕವು?’ ದಾನಿಗಳಿಗೆ ತೋರಿಸಲು, ಫ್ಲೆಕ್ಸಿನಲ್ಲಿ ಹಾಕಲು ಪೊರೆಯೇ ಚೆಂದ. ಕಪ್ಪು ಕನ್ನಡಕ ಹಾಕಿಸಿ ಸಾಲಾಗಿ ಕೂರಿಸಿ ಫೋಟೋ ಹೊಡೆಯಬಹುದು. ಒತ್ತಡದ ರೋಗಿಯ ಫೋಟೋ ಹೊಡೆದು ಏನು ಮಾಡುತ್ತೀರಿ? ಅವನಿಗೆ ಸಾಯುವ ತನಕ ಡ್ರಾಪ್ಸು ಹಾಕಿಸಬೇಕು, ಅದರಿಂದ ಯಾರಿಗೂ ಹಾರ ಬೀಳುವುದಿಲ್ಲ.

ಈಗ ನನ್ನ ಸರದಿ. ಪ್ರತಿ ಮಂಗಳವಾರ ಹರಿಹರದ ನಮ್ಮ ಶಾಖೆಗೆ ನಾನು ಹೋಗುತ್ತಿದ್ದೆ. ಅದೊಂದು ಬಾಡಿಗೆ ಮನೆಯ ಎರಡು ಕೋಣೆ. ದಾವಣಗೆರೆಯಲ್ಲಿ ಕಣ್ಣಿಗೆ ಗಾಳಿ ಊದಿ ಒತ್ತಡ ಅಳೆಯುವ ಯಂತ್ರ ಬಂದು ಎಷ್ಟೋ ವರ್ಷವಾಗಿತ್ತು, ಹರಿಹರಕ್ಕೆ ಬಂದಿರಲಿಲ್ಲ. ಅಲ್ಲಿ ನಾನು ಬೆರಳಿನಿಂದ ನೋಡುತ್ತಿದ್ದೆ. ರೋಗಿಗೆ ಕೆಳಗೆ ನೋಡಲು ಹೇಳಿ, ಮೇಲುರೆಪ್ಪೆಯ ಮೇಲೆ ಎರಡು ತೋರುಬೆರಳಿಟ್ಟು, ಒಂದರಿಂದ ಮೆಲ್ಲಗೆ ಒತ್ತಿ ಇನ್ನೊಂದರಿಂದ ಗಟ್ಟಿಯೋ ಮೆತ್ತಗೋ ಎಂದು ತಿಳಿಯುವುದು. ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡಿದ ಹಾಗೆ. ಹಳಬರು ಕಲಿಸಿದ ವಿದ್ಯೆ, ಯಂತ್ರ ಇಲ್ಲದ ಕಡೆ ಇಲ್ಲವೆನ್ನುವುದಕ್ಕಿಂತ ಮೇಲು, ಅಷ್ಟೇ. ಆದರೆ ನನಗೆ ನನ್ನ ಬೆರಳಿನ ಮೇಲೆ ಜಂಭ. ‘ನನ್ನ ಬೆರಳಿಗೆ ತಿಳಿಯದ್ದು ನಿಮ್ಮ ಯಂತ್ರಕ್ಕೆ ತಿಳಿಯುತ್ತದಾ?’ ಎಂದು ಹೊಸಬರನ್ನು ಹಂಗಿಸುತ್ತಿದ್ದೆ. ಅವರು ನಗುತ್ತಿದ್ದರು, ನಾನು ಹಿರಿಯಳಲ್ಲವೇ.

ಮಂಜುಳಾ ಎಂಬವಳು ಆ ಶಾಖೆಗೆ ಬರುತ್ತಿದ್ದಳು. ಮೂವತ್ತನಾಲ್ಕು ವರ್ಷ, ಕಡರನಾಯಕನಹಳ್ಳಿಯ ಸೊಸೆ. ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಬಂದು ನಮ್ಮ ಶಾಖೆಯ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ಕೀಲುವಾತ. ಬೆರಳಿನ ಗೆಣ್ಣುಗಳು ಬಾತು, ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲಾಗುತ್ತಿರಲಿಲ್ಲವಂತೆ. ದಾವಣಗೆರೆಯ ಒಬ್ಬ ಫಿಜಿಷಿಯನ್ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು, ಬೆರಳು ಬಿಚ್ಚಿತು, ಮಷೀನು ತಿರುಗಿತು. ಮೂರು ತಿಂಗಳಿಗೆ ಬಾ ಎಂದದ್ದನ್ನು ಮರೆತು, ಅದೇ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಐದು ವರ್ಷ ಮೆಡಿಕಲ್ ಶಾಪಿನಲ್ಲಿ ತೋರಿಸಿದಳು. ಕಣ್ಣು ಕೆಂಪಾದಾಗ ನಮ್ಮಲ್ಲಿ ಹತ್ತು ದಿನಕ್ಕೆಂದು ಕೊಟ್ಟಿದ್ದ ಹಾಲಿನ ಬಣ್ಣದ ಡ್ರಾಪ್ಸನ್ನೂ ಅದರ ಜೊತೆ ಸೇರಿಸಿಕೊಂಡಿದ್ದಳು. ಅದೂ ಸ್ಟೀರಾಯ್ಡೇ. ಅಂಗಡಿಯವನು ಕೊಟ್ಟ, ಇವಳು ಹಾಕಿದಳು, ಯಾರೂ ಯಾಕೆ ಎಂದು ಕೇಳಲಿಲ್ಲ.

ಒಂದೂವರೆ ವರ್ಷದಲ್ಲಿ ಅವಳು ನನ್ನ ಹತ್ತಿರ ಮೂರು ಸಲ ಬಂದಳು. ಮೂರು ಸಲವೂ ನಂಬರ್ ಬದಲಾಗಿತ್ತು. ಮೂವತ್ತರ ಆಸುಪಾಸಿನ ಹೆಂಗಸಿಗೆ ನಂಬರ್ ಹಾಗೆ ಓಡಾಡಿದರೆ ಏನೋ ಎಡವಟ್ಟಿದೆ ಎಂದು ಯಾವ ವಿದ್ಯಾರ್ಥಿಯಾದರೂ ಹೇಳುತ್ತಾನೆ. ನಾನು ಹೊಸ ಕನ್ನಡಕ ಬರೆದುಕೊಟ್ಟೆ. ನಲವತ್ತು ದಾಟಿದವರಿಗೆ ಮಾತ್ರ ಒತ್ತಡ ನೋಡಿದರೆ ಸಾಕೆಂಬ ರೂಢಿಯೂ ನಮ್ಮಲ್ಲಿತ್ತು. ಆದರೂ ಮೊದಲೆರಡು ಸಲ ಬೆರಳಿಟ್ಟು ನೋಡಿ ಕಾರ್ಡಿನಲ್ಲಿ ‘ನಾರ್ಮಲ್’ ಎಂದು ಬರೆದೆ. ಮೂರನೇ ಸಲ ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆವತ್ತು ಬೆರಳು ಇಟ್ಟೆನೋ ಇಲ್ಲವೋ ನನಗೆ ನೆನಪಿಲ್ಲ. ಕಾರ್ಡಿನಲ್ಲಿ ಮಾತ್ರ ‘ನಾರ್ಮಲ್’ ಇದೆ, ಅಕ್ಷರ ನನ್ನದೇ.

ಅದೇ ಸಲ ಅವಳ ಪೊರೆಯೂ ಕಂಡಿತು. ಮುಖ್ಯ ವೈದ್ಯರಿಗೆ ಸಂತೋಷವಾಯಿತು. ಅಷ್ಟು ಚಿಕ್ಕ ವಯಸ್ಸಿಗೆ ಪೊರೆ ಯಾಕೆ ಬಂತೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕ್ಯಾಂಪಿನ ಬಸ್ಸಿನಲ್ಲಿ ಇತರರ ಜೊತೆ ದಾವಣಗೆರೆಗೆ ಕರೆತಂದರು. ಆಪರೇಷನ್ನಿಗೆ ಮುಂಚೆ ಒತ್ತಡ ಅಳೆಯಲೇಬೇಕೆಂಬ ನಿಯಮವಿತ್ತು. ಅಳೆಯುವವರು ಬಸ್ಸಿನ ಗಡಿಬಿಡಿಯಲ್ಲಿ ನನ್ನ ಕಾರ್ಡು ನೋಡಿ, ಹಿರಿಯ ಮೇಡಂ ನಾರ್ಮಲ್ ಅಂದಿದ್ದಾರಲ್ಲ ಎಂದು ಅದನ್ನೇ ನಕಲು ಮಾಡಿದರು. ನನ್ನ ಹೆಸರಿಗೆ ಅಷ್ಟು ಬೆಲೆ ಇತ್ತು ನೋಡಿ.

ಒಂದು ತಿಂಗಳ ಅಂತರದಲ್ಲಿ ಎರಡೂ ಕಣ್ಣಿನ ಪೊರೆ ತೆಗೆದರು. ಆಪರೇಷನ್ ಸೊಗಸಾಗಿ ಆಗಿತ್ತು. ಆರು ವಾರ ಬಿಟ್ಟು ಮಂಜುಳಾ ಅತ್ತೆ ಗಂಗಮ್ಮನ ಜೊತೆ ಹರಿಹರದ ಶಾಖೆಗೆ ತೋರಿಸಲು ಬಂದಳು. ಚಾರ್ಟಿನ ಕೊನೆಯ ಸಾಲನ್ನು ಗಡಗಡ ಓದಿದಳು, ಎರಡೂ ಕಣ್ಣಿನಲ್ಲಿ. ನಾನು ಕಾರ್ಡಿನಲ್ಲೂ ಅವರ ಕೈಗೆ ಕೊಡುವ ಚೀಟಿಯಲ್ಲೂ ಪೂರ್ತಿ ದೃಷ್ಟಿ ಎಂದು ಬರೆದು, ಇನ್ನೇನು ಚಿಂತೆ ಇಲ್ಲ ಎಂದೆ. ಅವಳು ಏಳಲಿಲ್ಲ.

‘ಮೇಡಂ, ಸೂಜಿ ಕಾಣ್ತೈತ್ರಿ. ಬಾಗಿಲು ಕಾಣಲ್ರಿ’ ಎಂದಳು.

ಗಂಗಮ್ಮ ನಡುವೆ ಬಾಯಿ ಹಾಕಿದಳು. ಸೊಸೆ ನಿನ್ನೆ ಹಾಲಿನ ಪಾತ್ರೆ ಎಡವಿ ಚೆಲ್ಲಿದ್ದು, ಎಮ್ಮೆಗೆ ಢಿಕ್ಕಿ ಹೊಡೆದದ್ದು, ಬಾಗಿಲಿಗೆ ಹಣೆ ಬಡಿಸಿಕೊಂಡದ್ದು ಎಲ್ಲ ಹೇಳಿದಳು. ಕೂದಲಿನಂಥ ದಾರ ಸೂಜಿಗೆ ಪೋಣಿಸುವವಳಿಗೆ ಎಮ್ಮೆ ಕಾಣುವುದಿಲ್ಲವೇ, ನೀವೇ ಹೇಳ್ರಿ ಎಂದು ನನ್ನ ಮುಖ ನೋಡಿದಳು. ಹೊರಗೆ ಎಂದಿನಂತೆ ಸಾಲಿತ್ತು. ನನಗೆ ರೇಗಿತು. ಕೊನೆಯ ಸಾಲು ಓದಿದ ಕಣ್ಣಿಗೆ ಏನೂ ಆಗಿಲ್ಲ, ಮನೆಗೆಲಸ ತಪ್ಪಿಸಿಕೊಳ್ಳಲು ನಾಟಕ ಮಾಡಬೇಡ ಎಂದೆ, ಅತ್ತೆಯ ಎದುರಿಗೇ. ಗಂಗಮ್ಮ ತಲೆಯಾಡಿಸಿದಳು. ಮಂಜುಳಾ ಎದ್ದು ಹೋದಳು, ಹೋಗುವಾಗ ಕುರ್ಚಿಯ ಕಾಲಿಗೆ ಎಡವಿದಳು. ನಾನು ಅದನ್ನೂ ನಾಟಕದ ಮುಂದುವರಿದ ಭಾಗವೆಂದುಕೊಂಡೆ.

ಒತ್ತಡ ನರವನ್ನು ಕೊಲ್ಲುವುದು ಅಂಚಿನಿಂದ. ನಡುವಿನ ನೋಟ ಕೊನೆಯ ತನಕ ಉಳಿಯುತ್ತದೆ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದರೆ ಎದುರಿನ ಸೂಜಿ ಕಾಣುತ್ತದೆ, ಮಗ್ಗುಲ ಬಾಗಿಲು ಕಾಣುವುದಿಲ್ಲ. ಇದು ಮೊದಲ ವರ್ಷದ ಪುಸ್ತಕದಲ್ಲಿದೆ. ಅವಳು ಆ ಪಾಠವನ್ನು ನಾಲ್ಕು ಪದದಲ್ಲಿ ನನಗೆ ಹೇಳಿದ್ದಳು. ಪುಸ್ತಕ ಓದಿದ ನನಗೆ ಅರ್ಥವಾಗಲಿಲ್ಲ.

ಐದು ತಿಂಗಳು ಕಳೆಯಿತು. ಒಂದು ಮಂಗಳವಾರ, ಹೊಲಿಯಲು ಕೊಟ್ಟಿದ್ದ ರವಿಕೆ ತರಲು ನಾನೇ ಮಂಜುಳಾಳ ಅಂಗಡಿಗೆ ಹೋದೆ. ಬೈದವಳ ರವಿಕೆಯನ್ನೂ ಅಚ್ಚುಕಟ್ಟಾಗಿ ಹೊಲಿದಿದ್ದಳು. ಹುಕ್ಕು ಒಂದು ಬಾಕಿ ಇದೆ, ಕೂಡ್ರಿ ಎಂದಳು. ಸೂಜಿಗೆ ದಾರ ಒಂದೇ ಏಟಿಗೆ ಪೋಣಿಸಿದಳು. ಹುಕ್ಕು ಕಟ್ಟಿ ಮುಗಿಸಿ, ದಾರ ಕತ್ತರಿಸಲು ಕತ್ತರಿ ಹುಡುಕತೊಡಗಿದಳು. ಅದು ಅವಳ ಮೊಣಕಾಲ ಪಕ್ಕದಲ್ಲೇ ಬಿದ್ದಿತ್ತು. ಅವಳು ಕಣ್ಣಿನಿಂದ ಹುಡುಕಲಿಲ್ಲ. ಚಾಪೆಯ ಮೇಲೆ ಅಂಗೈ ಸವರುತ್ತ ಹೋದಳು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ನಾನು ಅವಳ ಮಗ್ಗುಲಿಗೆ ಕೂತಿದ್ದೆ. ನೋಡುವವರಿಲ್ಲದ ಕಡೆ ಯಾರೂ ನಾಟಕ ಮಾಡುವುದಿಲ್ಲ.

ಮರುದಿನವೇ ಅವಳನ್ನು ದಾವಣಗೆರೆಗೆ ಕರೆಸಿ ಯಂತ್ರದ ಮುಂದೆ ಕೂರಿಸಿದೆ. ಇಪ್ಪತ್ತರ ಒಳಗಿರಬೇಕಾದದ್ದು ಒಂದು ಕಣ್ಣಿನಲ್ಲಿ ನಲವತ್ತೆರಡು, ಇನ್ನೊಂದರಲ್ಲಿ ಮೂವತ್ತೆಂಟು. ಮುಖ್ಯ ವೈದ್ಯರು ನರ ನೋಡಿದರು. ಅಂಚು ಪೂರ್ತಿ ಹೋಗಿತ್ತು, ನಡುವೆ ಒಂದು ಬೊಟ್ಟಿನಷ್ಟು ಉಳಿದಿತ್ತು. ಅದನ್ನೂ ಕಳೆದುಕೊಂಡರೆ ಕತ್ತಲು.

ಮಾತ್ರೆ ನಿಲ್ಲಿಸಿದರೆ ಬೆರಳು ಹೋಗುತ್ತದೆ, ನಿಲ್ಲಿಸದಿದ್ದರೆ ಕಣ್ಣು ಹೋಗುತ್ತದೆ. ಐದು ವರ್ಷದ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಮ್ಮ ವೈದ್ಯರು, ಮಾತ್ರೆ ನನ್ನ ವಿಭಾಗವಲ್ಲ, ಫಿಜಿಷಿಯನ್ ಹೇಳಲಿ ಎಂದರು. ಫಿಜಿಷಿಯನ್, ಕಣ್ಣು ನನ್ನ ವಿಭಾಗವಲ್ಲ, ಕಣ್ಣಿನವರು ಬರೆದುಕೊಡಲಿ ಎಂದರು. ಇಬ್ಬರ ಮನೆಯೂ ಎಸ್.ಎಸ್. ಬಡಾವಣೆಯಲ್ಲಿ, ಬೆಳಿಗ್ಗೆ ಒಂದೇ ಪಾರ್ಕಿನಲ್ಲಿ ಜೊತೆಯಾಗಿ ವಾಕಿಂಗ್. ಆ ಹೆಂಗಸು ಮಾತ್ರ ಚೀಟಿ ಹಿಡಿದು ಎರಡು ಆಸ್ಪತ್ರೆಯ ನಡುವೆ ನಾಲ್ಕು ದಿನ ಆಟೋದಲ್ಲಿ ಓಡಾಡಿದಳು. ಐದನೇ ದಿನ ನಾನೇ ಅವಳ ಜೊತೆ ಹೋಗಿ, ಫಿಜಿಷಿಯನ್ ಮುಂದೆ ನಿಂತು ನಮ್ಮ ವೈದ್ಯರಿಗೆ ಫೋನ್ ಹಚ್ಚಿ, ಇಬ್ಬರೂ ಮಾತಾಡ್ರಿ ಎಂದು ಮೇಜಿನ ಮೇಲಿಟ್ಟೆ. ಆರು ನಿಮಿಷದಲ್ಲಿ ಎಲ್ಲ ತೀರ್ಮಾನವಾಯಿತು. ಹಾಲಿನ ಬಣ್ಣದ ಡ್ರಾಪ್ಸು ಬಂದ್, ಮಾತ್ರೆ ನಿಧಾನಕ್ಕೆ ಇಳಿಸುವುದು, ಕೀಲಿಗೆ ಬೇರೆ ಔಷಧಿ, ಒತ್ತಡಕ್ಕೆ ಬೇರೆ ಡ್ರಾಪ್ಸು, ಸಾಲದಿದ್ದರೆ ಒಂದು ಆಪರೇಷನ್. ಆ ಆರು ನಿಮಿಷ ಐದು ವರ್ಷದ ಹಿಂದೆ ಸಿಕ್ಕಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಮುಖ್ಯ ವೈದ್ಯರು ನನ್ನನ್ನು ಕೋಣೆಗೆ ಕರೆದು, ಮಂಜುಳಾಳ ಹಳೇ ಕಾರ್ಡು ಕಳೆದುಹೋಗಿದೆ ಎಂದು ಹೊಸದೊಂದು ಮಾಡಿ ಎಂದರು. ನಾನೇನು ಸತ್ಯವಂತೆ ಅಂದುಕೊಳ್ಳಬೇಡಿ. ಹೊಸ ಕಾರ್ಡು ತೆಗೆದುಕೊಂಡು, ಹೆಸರು ವಿಳಾಸ ಎಲ್ಲ ಬರೆದೆ. ಒತ್ತಡದ ಕಾಲಮ್ಮಿಗೆ ಬಂದಾಗ ಮೂರು ಸಲಕ್ಕೂ ಯಾವ ಸಂಖ್ಯೆ ಹುಟ್ಟಿಸುವುದೆಂದು ತೋಚಲಿಲ್ಲ. ಹರಿದು ಬುಟ್ಟಿಗೆ ಹಾಕಿದೆ. ಹಳೆಯದನ್ನು ಕಪಾಟಿನಲ್ಲೇ ಇಟ್ಟೆ.

ಒತ್ತಡ ಇಳಿದ ದಿನ ಮಂಜುಳಾಗೆ ಹೇಳಿದೆ. ಆ ‘ನಾರ್ಮಲ್’ ನನ್ನ ಅಕ್ಷರ, ನಾನು ಸರಿಯಾಗಿ ಅಳೆದಿರಲಿಲ್ಲ, ಹೋದ ನೋಟ ವಾಪಸು ಬರುವುದಿಲ್ಲ ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

‘ಹಂಗಾರೆ ನಾನು ನಾಟಕ ಮಾಡಿದ್ದಿಲ್ಲ ಅಂತ ನಮ್ಮತ್ತೆ ಮುಂದೆ ಒಂದು ಮಾತು ಹೇಳ್ತೀರೇನ್ರಿ?’ ಎಂದಳು. ‘ಐದಾರು ತಿಂಗಳಿಂದ ಮನ್ಯಾಗೆ ಏನು ಚೆಲ್ಲಿದ್ರೂ, ಕಣ್ಣಾಸ್ಪತ್ರೆ ಮೇಡಮ್ಮೇ ಹೇಳ್ಯಾರಲ್ಲ, ಇದು ನಾಟಕ ಅಂತಾರ್ರಿ.’

ಆ ಭಾನುವಾರ ಕಡರನಾಯಕನಹಳ್ಳಿಗೆ ಹೋದೆ. ಗಂಗಮ್ಮ ಮರ್ಯಾದೆಯಿಂದ ಚಾಪೆ ಹಾಸಿ, ಚಹಾ ಕೊಟ್ಟಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವಳು ಕೊನೆಯ ತನಕ ಕೇಳಿದಳು.

‘ಅವಾಗ ಒಂದು ಹೇಳಿದ್ರಿ, ಈಗ ಒಂದು ಹೇಳ್ತೀರಿ’ ಎಂದಳು. ‘ಅವಾಗ ಹೇಳಿದ್ದಕ್ಕೆ ಕಾಗದ ಐತೆ. ಈಗ ಹೇಳಿದ್ದಕ್ಕೆ ಎಲ್ಲೈತ್ರಿ?’

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಾಯಿಗಿಂತ ಕಾಗದ ದೊಡ್ಡದೆಂದು ಅವಳಿಗೆ ಕಲಿಸಿದ್ದು ನಾವೇ. ಚೀಲದಲ್ಲಿ ಆಸ್ಪತ್ರೆಯ ಹೆಸರಿದ್ದ ಹಾಳೆ ಇತ್ತು. ಅಲ್ಲೇ ಕೂತು ದಪ್ಪ ಅಕ್ಷರದಲ್ಲಿ ಬರೆದೆ: ‘ಮಂಜುಳಾ ಅವರ ಕಣ್ಣಿನ ಅಂಚಿನ ನೋಟ ಹೋಗಿದೆ. ಅವರು ನಾಟಕ ಮಾಡಿಲ್ಲ. ನಾನು ಒತ್ತಡ ಅಳೆಯದೆ ನಾರ್ಮಲ್ ಎಂದು ಬರೆದಿದ್ದೆ. ತಪ್ಪು ನನ್ನದು.’ ಕೆಳಗೆ ಸಹಿ, ಹೆಸರು, ಹುದ್ದೆ. ಈ ಹಾಳೆಯ ಸುದ್ದಿ ತಿಳಿದು ಮುಖ್ಯ ವೈದ್ಯರು ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟರು. ಆ ಎರಡು ತಿಂಗಳು ಕೆಲಸ ಬಹಳ ಚೆನ್ನಾಗಿ ನಡೆಯಿತು.

ಗಂಗಮ್ಮನಿಗೆ ಓದು ಬಾರದು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಸೊಸೆಯ ಕೈಗೆ ಕೊಟ್ಟು, ಓದಿ ಹೇಳು ಎಂದಳು. ಮಂಜುಳಾ ಹಾಳೆಯನ್ನು ಮುಖದ ಮುಂದೆ ಹಿಡಿದು ಮೊದಲ ಸಾಲನ್ನು ಪದ ಪದವಾಗಿ ಓದಿದಳು. ಸಾಲು ಮುಗಿಯಿತು. ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆಂದು ಅವಳಿಗೆ ಸಿಗಲಿಲ್ಲ. ಕಣ್ಣು ಹಾಳೆಯ ಮೇಲೆಲ್ಲ ಅಲೆಯಿತು, ಖಾಲಿ ಅಂಚಿಗೆ ಹೋಯಿತು, ನನ್ನ ಸಹಿಗೆ ಹೋಯಿತು, ಮತ್ತೆ ಮೊದಲ ಸಾಲಿಗೇ ಬಂತು. ಅವಳು ಅದನ್ನೇ ಇನ್ನೊಂದು ಸಲ ಓದಿದಳು. ಗಂಗಮ್ಮ ಹಾಳೆಯನ್ನು ನೋಡುತ್ತಿರಲಿಲ್ಲ, ಸೊಸೆಯ ಕಣ್ಣನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸರಿದು ಹತ್ತಿರ ಕೂತಳು. ಅಕ್ಷರ ಬಾರದ ಆಕೆ ಸೊಸೆಯ ಬಾತ ಬೆರಳನ್ನು ಹಿಡಿದು, ಎರಡನೇ ಸಾಲಿನ ಮೊದಲಿಗೆ ತಂದು ಇಟ್ಟಳು.

‘ಇಲ್ಲಿಂದ ಐತೆ ನೋಡು’ ಎಂದಳು. ‘ಓದು.’